ಹಳೇ ಕಂಪ್ಯೂಟರ್ ಸ್ಲೋ ಆಗಿದ್ಯಾ? ‘ಸ್ಪೀಡ್’ ಮಾಡೋ ಸಾಫ್ಟ್‌ವೇರ್‌ಗೆ ದುಡ್ಡು ಕೊಡೋ ಮೊದಲು ಇಷ್ಟು ತಿಳ್ಕೊಳ್ಳಿ

ಶಿವಮೊಗ್ಗ: ಬೆಳಗ್ಗೆ ಅಂಗಡಿ ಶಟರ್ ಎತ್ತಿದ ಕೂಡಲೇ ಕಂಪ್ಯೂಟರ್ ಆನ್ ಮಾಡ್ತಾರೆ. ಕಸ ಗುಡಿಸಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಪಕ್ಕದ ಹೋಟೆಲಿಂದ ಬಂದ ಟೀ ಕುಡಿದು ಮುಗಿಸಿದರೂ ಸ್ಕ್ರೀನ್ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಮೊದಲ ಗಿರಾಕಿ ಬಿಲ್‌ಗೆ ಕಾಯ್ತಾ ನಿಂತಿರ್ತಾರೆ. ಗಾಂಧಿ ಬಜಾರ್, ದುರ್ಗಿಗುಡಿ ಕಡೆಯ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭದ್ರಾವತಿಯ ನ್ಯೂಟೌನ್, ಜನ್ನಾಪುರ, ಪೇಪರ್ ಟೌನ್ ಕಡೆಯ ಮನೆಗಳಲ್ಲೂ ಇದೇ ಕಥೆ. ಮಕ್ಕಳ ಓದಿಗೆ ಅಂತ ಎಂಟು ಹತ್ತು ವರ್ಷದ ಹಿಂದೆ ತಂದ ಕಂಪ್ಯೂಟರ್. ಮಕ್ಕಳು ಕೆಲಸ ಸಿಕ್ಕಿ ಬೆಂಗಳೂರು ಸೇರಿದ್ದಾರೆ. ಈಗ ಅದೇ ಕಂಪ್ಯೂಟರ್‌ನಲ್ಲಿ ನಿವೃತ್ತ ತಂದೆ ಪಿಂಚಣಿ ಖಾತೆ ನೋಡ್ತಾರೆ, ಪಹಣಿ ತೆಗೀತಾರೆ, ತಾಯಿ ಮೊಮ್ಮಗುವಿನ ಹಳೇ ಫೋಟೋ ನೋಡ್ತಾರೆ. ಒಂದು ಪುಟ ತೆರೆಯೋಕೆ ಎರಡು ನಿಮಿಷ.

ಇಂಥ ಹೊತ್ತಲ್ಲೇ ಸ್ಕ್ರೀನ್ ಮೂಲೆಯಲ್ಲಿ ಒಂದು ಜಾಹೀರಾತು ಬರುತ್ತೆ. ‘ನಿಮ್ಮ ಪಿಸಿಯಲ್ಲಿ ಸಾವಿರಾರು ದೋಷಗಳಿವೆ. ಈಗಲೇ ಸರಿಪಡಿಸಿ.’ ಒತ್ತಿದರೆ ಕೆಂಪು ಬಣ್ಣದಲ್ಲಿ ದೊಡ್ಡ ಪಟ್ಟಿ, ಕೆಳಗೆ ಕಾರ್ಡ್ ನಂಬರ್ ಹಾಕುವ ಜಾಗ. ಹಣ ಕಟ್ಟಿದರೆ ಕಂಪ್ಯೂಟರ್ ನಿಜವಾಗಿ ಸ್ಪೀಡ್ ಆಗುತ್ತಾ? ಯಾವ ಸಾಫ್ಟ್‌ವೇರ್ ಆರಿಸಬೇಕು, ಯಾವುದರಿಂದ ದೂರ ಇರಬೇಕು? ಇಲ್ಲಿದೆ ವಿವರ.

ಮೊದಲು ಕಾಯಿಲೆ ಯಾವುದು ಅಂತ ನೋಡಿ

ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡೋಕಾಗಲ್ಲ. ಕಂಪ್ಯೂಟರ್ ನಿಧಾನ ಆಗೋಕೂ ನಾಲ್ಕೈದು ಬೇರೆ ಬೇರೆ ಕಾರಣ ಇರುತ್ತವೆ. ಕಾರಣ ತಿಳಿಯದೆ ಸಾಫ್ಟ್‌ವೇರ್ ಹಾಕಿದರೆ ದುಡ್ಡೂ ಹೋಗುತ್ತೆ, ಕಂಪ್ಯೂಟರ್‌ಗೆ ಇನ್ನೊಂದು ಭಾರವೂ ಸೇರುತ್ತೆ.

ಕಾರಣ ತಿಳಿಯೋಕೆ ಹೊರಗಿನಿಂದ ಏನೂ ತರಬೇಕಾಗಿಲ್ಲ. ಕೀಬೋರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆದುಕೊಳ್ಳುತ್ತೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಅಂತ ಸಾಲಾಗಿ ಶೇಕಡಾ ಲೆಕ್ಕ ಕಾಣುತ್ತೆ. ಕಂಪ್ಯೂಟರ್ ತೀರಾ ನಿಧಾನ ಆಗಿರುವ ಹೊತ್ತಿನಲ್ಲೇ ಇದನ್ನು ನೋಡಬೇಕು.

ಡಿಸ್ಕ್ ಲೆಕ್ಕ ನೂರರ ಹತ್ತಿರವೇ ನಿಂತಿದ್ದರೆ ಹಾರ್ಡ್ ಡಿಸ್ಕ್ ಕಡೆ ಅನುಮಾನ ಪಡಬೇಕು. ಮೆಮೊರಿ ತೊಂಬತ್ತರ ಮೇಲಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಏನೂ ಕೆಲಸ ಮಾಡದೆ ಸುಮ್ಮನೆ ಬಿಟ್ಟಾಗಲೂ ಸಿಪಿಯು ಸದಾ ಮೇಲೇ ಇದ್ದರೆ ಯಾವುದೋ ಪ್ರೋಗ್ರಾಂ ಹಿಂದಿನಿಂದ ಓಡುತ್ತಿದೆ, ವೈರಸ್ ಕೂಡ ಇರಬಹುದು. ಇವೆಲ್ಲ ಕಡಿಮೆ ಇದ್ದು ವೆಬ್‌ಸೈಟ್ ಮಾತ್ರ ತೆರೀತಿಲ್ಲ ಅಂದ್ರೆ ತೊಂದರೆ ಇಂಟರ್‌ನೆಟ್‌ನದ್ದು. ಆಗ ಕಂಪ್ಯೂಟರ್‌ಗೆ ಯಾವ ಕ್ಲೀನರ್ ಹಾಕಿದರೂ ಉಪಯೋಗ ಇಲ್ಲ.

ಹೆಚ್ಚಿನ ಕಡೆ ತೊಂದರೆ ತಿರುಗೋ ಡಿಸ್ಕ್‌ನಲ್ಲಿ

ಎಂಟು ಹತ್ತು ವರ್ಷ ಹಳೆಯ ಕಂಪ್ಯೂಟರ್‌ಗಳಲ್ಲಿ ಬಹುಪಾಲು ಇರೋದು ತಿರುಗುವ ಹಾರ್ಡ್ ಡಿಸ್ಕ್. ಒಳಗೆ ಗ್ರಾಮಫೋನ್ ಪ್ಲೇಟಿನ ಥರ ಒಂದು ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತೆ. ಮೇಲೆ ಒಂದು ಸಣ್ಣ ತೋಳು ಆ ಕಡೆ ಈ ಕಡೆ ಓಡಾಡಿ ಮಾಹಿತಿ ಓದುತ್ತೆ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿ ಓದೋಕೆ ಸುಮಾರು ಸೆಕೆಂಡಿನ ನೂರನೇ ಒಂದು ಭಾಗ ಬೇಕು. ಕೇಳೋಕೆ ಇದು ಏನೂ ಅಲ್ಲ ಅನ್ಸುತ್ತೆ. ಆದರೆ ವಿಂಡೋಸ್ ಆನ್ ಆಗುವಾಗ ಸಾವಿರಾರು ಸಣ್ಣ ಸಣ್ಣ ಫೈಲ್‌ಗಳನ್ನು ಬೇರೆ ಬೇರೆ ಜಾಗದಿಂದ ಓದಬೇಕು. ಸೆಕೆಂಡಿಗೆ ನೂರು ಜಾಗ ಮುಟ್ಟೋ ತೋಳು ಎಷ್ಟು ಅಂತ ಓಡುತ್ತೆ?

ಎಸ್‌ಎಸ್‌ಡಿ ಅನ್ನೋ ಹೊಸ ಬಗೆಯ ಡಿಸ್ಕ್‌ನಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ತೋಳೂ ಇಲ್ಲ. ಪೆನ್ ಡ್ರೈವ್ ಥರ ಎಲ್ಲವೂ ಚಿಪ್‌ನಲ್ಲೇ. ಸೆಕೆಂಡಿಗೆ ಸಾವಿರಗಟ್ಟಲೆ ಜಾಗದಿಂದ ಓದಬಲ್ಲದು. ಹಳೇ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ ಹಾಕಿಸಿದವರು ‘ಹೊಸದೇ ತಂದಂಗಾಯ್ತು’ ಅನ್ನೋದು ಇದೇ ಕಾರಣಕ್ಕೆ.

ನಿಮ್ಮಲ್ಲಿರೋದು ಯಾವುದು ಅಂತ ತಿಳಿಯೋದು ಸುಲಭ. ವಿಂಡೋಸ್ 10ರಲ್ಲಿ ಸ್ಟಾರ್ಟ್ ಒತ್ತಿ ‘ಡಿಫ್ರ್ಯಾಗ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಬಂದದ್ದನ್ನು ತೆರೆದರೆ, ಸಿ ಡ್ರೈವ್ ಎದುರು ಅದು ‘ಹಾರ್ಡ್ ಡಿಸ್ಕ್ ಡ್ರೈವ್’ ಅಥವಾ ‘ಸಾಲಿಡ್ ಸ್ಟೇಟ್ ಡ್ರೈವ್’ ಅಂತ ಬರೆದಿರುತ್ತೆ. ಎರಡನೆಯದೇ ಎಸ್‌ಎಸ್‌ಡಿ.

ಕ್ಲೀನರ್‌ಗಳು ಮಾಡೋದೇನು?

ಮಾರುಕಟ್ಟೆಯಲ್ಲಿ ಕ್ಲೀನರ್, ಬೂಸ್ಟರ್, ಆಪ್ಟಿಮೈಸರ್, ಟ್ಯೂನ್‌ಅಪ್ ಅಂತ ಹತ್ತಾರು ಹೆಸರಿನ ಸಾಫ್ಟ್‌ವೇರ್ ಸಿಗುತ್ತವೆ. ಎಲ್ಲದರ ಒಳಗೂ ಹೆಚ್ಚುಕಡಿಮೆ ಐದೇ ಕೆಲಸ. ಒಂದೊಂದರ ಗುಣ ಹೀಗಿದೆ.

ಒಂದು, ಕಸದ ಫೈಲ್ ಅಳಿಸೋದು. ಟೆಂಪ್ ಫೈಲ್, ಹಳೇ ಅಪ್‌ಡೇಟ್‌ಗಳ ಉಳಿಕೆ, ಬ್ರೌಸರ್ ಕೂಡಿಟ್ಟ ಚಿತ್ರಗಳು. ಸಿ ಡ್ರೈವ್ ತುಂಬಿ ಕೆಂಪು ಗೆರೆ ಬಂದಿದ್ದರೆ ಇದರಿಂದ ಖಂಡಿತ ಉಪಯೋಗ ಇದೆ. ಡ್ರೈವ್‌ನಲ್ಲಿ ಅರ್ಧ ಖಾಲಿ ಇದ್ದಾಗ ಇನ್ನೊಂದೆರಡು ಜಿಬಿ ಅಳಿಸಿದರೆ ಸ್ಪೀಡ್‌ನಲ್ಲಿ ಕಣ್ಣಿಗೆ ಕಾಣೋ ವ್ಯತ್ಯಾಸ ಬರಲ್ಲ. ಬ್ರೌಸರ್ ಕೂಡಿಟ್ಟದ್ದನ್ನು ದಿನಾ ಅಳಿಸಿದರೆ ಅದೇ ವೆಬ್‌ಸೈಟ್ ಮರುದಿನ ಇನ್ನೂ ನಿಧಾನ ತೆರೆಯುತ್ತೆ, ಯಾಕಂದ್ರೆ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳಬೇಕು. ರಿಪೇರಿಗೆ ಬಂದವರಲ್ಲಿ ಕೆಲವರು ‘ಪ್ರೀಫೆಚ್’ ಫೋಲ್ಡರ್ ಅನ್ನೂ ಖಾಲಿ ಮಾಡಿ ಹೋಗುವ ರೂಢಿ ಇದೆ. ಅದು ಕಸ ಅಲ್ಲ. ಪ್ರೋಗ್ರಾಂ ಬೇಗ ತೆರೆಯಲಿ ಅಂತ ವಿಂಡೋಸ್ ತಾನೇ ಬರೆದಿಟ್ಟುಕೊಂಡ ಟಿಪ್ಪಣಿ. ಅಳಿಸಿದರೆ ಮತ್ತೆ ಮೊದಲಿಂದ ಬರೀಬೇಕು.

ಎರಡು, ರಿಜಿಸ್ಟ್ರಿ ಕ್ಲೀನ್ ಮಾಡೋದು. ರಿಜಿಸ್ಟ್ರಿ ಅಂದ್ರೆ ವಿಂಡೋಸ್‌ನ ಖಾತೆ ಪುಸ್ತಕ. ಲಕ್ಷಗಟ್ಟಲೆ ನಮೂದು ಇರುವ ಆ ಪುಸ್ತಕದಲ್ಲಿ ಸಾವಿರ ಹಳೇ ಸಾಲು ಹೊಡೆದು ಹಾಕಿದರೆ ಓದುವ ವೇಗ ಹೆಚ್ಚಲ್ಲ. ತಪ್ಪಿ ಬೇಕಾದ ಸಾಲು ಹೋದರೆ ಪ್ರಿಂಟರ್‌ ನಿಲ್ಲಬಹುದು, ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯದೇ ಹೋಗಬಹುದು. ರಿಜಿಸ್ಟ್ರಿ ಕ್ಲೀನರ್‌ಗಳಿಗೆ ತನ್ನ ಬೆಂಬಲ ಇಲ್ಲ, ಅವುಗಳಿಂದಾಗುವ ತೊಂದರೆಗೆ ವಿಂಡೋಸ್ ಅನ್ನೇ ಮತ್ತೆ ಹಾಕಬೇಕಾಗಬಹುದು ಅಂತ ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ.

ಮೂರು, ರ‍್ಯಾಮ್ ಬೂಸ್ಟ್. ಗುಂಡಿ ಒತ್ತಿದ ಕೂಡಲೇ ಮೆಮೊರಿ ಖಾಲಿ ಆದಂತೆ ಕಾಣುತ್ತೆ. ನಡೆಯೋದು ಏನಂದ್ರೆ, ರ‍್ಯಾಮ್‌ನಲ್ಲಿದ್ದದ್ದನ್ನು ಹಾರ್ಡ್ ಡಿಸ್ಕ್‌ಗೆ ತಳ್ಳಿಬಿಡುತ್ತೆ. ಮತ್ತೆ ಆ ಪ್ರೋಗ್ರಾಂಗೆ ಹೋದಾಗ ಡಿಸ್ಕ್‌ನಿಂದ ವಾಪಸ್ ತರಬೇಕು. ತಿರುಗೋ ಡಿಸ್ಕ್ ಇದ್ದವರಿಗೆ ಇದರಿಂದ ನಷ್ಟವೇ ಜಾಸ್ತಿ.

ನಾಲ್ಕು, ಡ್ರೈವರ್ ಅಪ್‌ಡೇಟರ್. ಪ್ರಿಂಟರ್, ಸೌಂಡ್, ಡಿಸ್‌ಪ್ಲೇ ನಡೆಸುವ ಸಣ್ಣ ಸಾಫ್ಟ್‌ವೇರ್‌ಗಳೇ ಡ್ರೈವರ್. ಸರಿಯಾಗಿ ನಡೆಯುತ್ತಿರುವ ಹಳೇ ಕಂಪ್ಯೂಟರ್‌ಗೆ ಯಾರೋ ಊಹೆ ಮೇಲೆ ಹೊಸ ಡ್ರೈವರ್ ಹಾಕೋದು ಅಪಾಯ. ಬೇಕಿದ್ದರೆ ವಿಂಡೋಸ್ ಅಪ್‌ಡೇಟ್‌ನಿಂದ ಅಥವಾ ಕಂಪ್ಯೂಟರ್ ತಯಾರಿಸಿದ ಕಂಪನಿಯ ವೆಬ್‌ಸೈಟ್‌ನಿಂದಲೇ ತಗೋಬೇಕು.

ಐದು, ಡಿಫ್ರ್ಯಾಗ್. ತಿರುಗೋ ಡಿಸ್ಕ್‌ನಲ್ಲಿ ಚೂರು ಚೂರಾಗಿ ಹರಡಿದ ಫೈಲ್‌ಗಳನ್ನು ಒಂದೆಡೆ ಜೋಡಿಸೋ ಕೆಲಸ. ವಿಂಡೋಸ್ 7ರ ಕಾಲದಿಂದಲೂ ಇದನ್ನು ವಿಂಡೋಸ್ ತಾನೇ ವಾರಕ್ಕೊಮ್ಮೆ ಮಾಡಿಕೊಳ್ಳುತ್ತೆ. ಎಸ್‌ಎಸ್‌ಡಿಗೆ ಹೊರಗಿನ ಸಾಫ್ಟ್‌ವೇರ್‌ನಿಂದ ಡಿಫ್ರ್ಯಾಗ್ ಮಾಡಬಾರದು, ಸುಮ್ಮನೆ ಸವೆಯುತ್ತೆ.

ಒಟ್ಟಿನಲ್ಲಿ ಐದರಲ್ಲಿ ಒಂದು ಉಪಯುಕ್ತ, ಅದೂ ಜಾಗ ತುಂಬಿದ್ದರೆ ಮಾತ್ರ. ಅದಕ್ಕೂ ಹಣ ಕೊಡಬೇಕಾಗಿಲ್ಲ.

ಹೆದರಿಸಿ ಮಾರೋ ವ್ಯಾಪಾರ

‘ಸಾವಿರಾರು ದೋಷ’ ಅನ್ನೋ ಪಟ್ಟಿಯ ಹಿಂದೆ ಏನಿರುತ್ತೆ ಅನ್ನೋದಕ್ಕೆ ಅಮೆರಿಕದಲ್ಲಿ ಸಿಕ್ಕ ಎರಡು ಉದಾಹರಣೆ ಸಾಕು.

ಅಲ್ಲಿನ ದೊಡ್ಡ ಅಂಗಡಿ ಸರಣಿ ಆಫೀಸ್ ಡಿಪೋ, ಗ್ರಾಹಕರ ಕಂಪ್ಯೂಟರ್‌ಗೆ ಉಚಿತವಾಗಿ ‘ಪಿಸಿ ಹೆಲ್ತ್ ಚೆಕ್’ ಮಾಡಿಕೊಡ್ತಿತ್ತು. ಶುರುವಿನಲ್ಲಿ ನಾಲ್ಕು ಪ್ರಶ್ನೆ. ಕಂಪ್ಯೂಟರ್ ನಿಧಾನ ಆಗಿದ್ಯಾ, ವೈರಸ್ ಎಚ್ಚರಿಕೆ ಬರ್ತಿದ್ಯಾ ಅಂತ. ಯಾವುದಾದರೂ ಒಂದಕ್ಕೆ ಹೌದು ಅಂತ ಟಿಕ್ ಮಾಡಿದರೆ ಸಾಕು, ಸ್ಕ್ಯಾನ್‌ನಲ್ಲಿ ಏನು ಸಿಗಲಿ ಬಿಡಲಿ, ವೈರಸ್ ಲಕ್ಷಣ ಇದೆ ಅಂತ ಫಲಿತಾಂಶ ಬರ್ತಿತ್ತು. ನಂತರ ರಿಪೇರಿ ಬಿಲ್. ಅಲ್ಲಿನ ಗ್ರಾಹಕ ಹಿತ ಕಾಯುವ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಪ್ರಕರಣ ಹೂಡಿತು. 2019ರ ಮಾರ್ಚ್‌ನಲ್ಲಿ ಆಫೀಸ್ ಡಿಪೋ ಮತ್ತು ಸಾಫ್ಟ್‌ವೇರ್ ಕೊಟ್ಟ ಕಂಪನಿ ಸೇರಿ 3.5 ಕೋಟಿ ಡಾಲರ್ ಕಟ್ಟಲು ಒಪ್ಪಿದವು.

2024ರ ಮಾರ್ಚ್‌ನಲ್ಲಿ ಇದೇ ಸಂಸ್ಥೆ ರೆಸ್ಟೋರೋ, ರೀಇಮೇಜ್ ಅನ್ನೋ ಎರಡು ಪಿಸಿ ರಿಪೇರಿ ಸಾಫ್ಟ್‌ವೇರ್ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ಪಾಪ್‌ಅಪ್ ತೋರಿಸಿ, ಇಲ್ಲದ ತೊಂದರೆ ಇದೆ ಅಂತ ಹೆದರಿಸಿ ಮಾರಿದ ಆರೋಪ. 2.6 ಕೋಟಿ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥ ಆಯ್ತು.

ಒಳ್ಳೇ ಹೆಸರಿರೋ ಸಾಫ್ಟ್‌ವೇರ್‌ಗೂ ಅಪಾಯ ತಪ್ಪಿದ್ದಲ್ಲ. ನಮ್ಮಲ್ಲೂ ತುಂಬಾ ಜನ ಬಳಸುವ ಸಿಕ್ಲೀನರ್‌ನ 5.33 ಆವೃತ್ತಿಗೆ 2017ರಲ್ಲಿ ಹ್ಯಾಕರ್‌ಗಳು ಕಂಪನಿಯ ಒಳಗಿನಿಂದಲೇ ಕಳ್ಳ ಕೋಡ್ ಸೇರಿಸಿದ್ದರು. ಆ ವರ್ಷ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರ ತನಕ ಅಧಿಕೃತ ವೆಬ್‌ಸೈಟ್‌ನಿಂದಲೇ ಅದು ಹೋಯ್ತು. 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಲ್ಲಿ ಕೂತಿತ್ತು. ಕಂಪನಿ ಆಮೇಲೆ ಸರಿಪಡಿಸಿತು. ಇಂಥ ಸಾಫ್ಟ್‌ವೇರ್‌ಗೆ ಕಂಪ್ಯೂಟರ್‌ನ ಎಲ್ಲ ಕೋಣೆಯ ಬೀಗದ ಕೈ ಕೊಟ್ಟಿರ್ತೀವಿ. ಹಾಗಾಗಿ ಬೇಕಿಲ್ಲದ್ದನ್ನು ಹಾಕದೇ ಇರೋದೂ ಒಂದು ರಕ್ಷಣೆ.

ಉಚಿತ ಸ್ಕ್ಯಾನ್ ತೋರಿಸಿ, ಹೆದರಿಸಿ, ಹಣ ಕೇಳುವ ಕ್ಲೀನರ್‌ಗಳನ್ನು 2018ರ ಮಾರ್ಚ್ 1ರಿಂದ ಮೈಕ್ರೋಸಾಫ್ಟ್‌ನ ಡಿಫೆಂಡರ್ ‘ಬೇಡದ ಸಾಫ್ಟ್‌ವೇರ್’ ಪಟ್ಟಿಗೆ ಸೇರಿಸ್ತಿದೆ.

ದುಡ್ಡಿಲ್ಲದೆ ಮನೆಯಲ್ಲೇ ಮಾಡಬಹುದಾದದ್ದು

ವಿಂಡೋಸ್ 10 ಅಥವಾ 11 ಇದ್ದವರಿಗೆ ಬೇಕಾದ ಸಲಕರಣೆ ಒಳಗೇ ಇದೆ. ಒಂದು ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಸಾಕು.

ಮೊದಲನೆಯದು ಸ್ಟಾರ್ಟ್‌ಅಪ್. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಸ್ಟಾರ್ಟ್‌ಅಪ್’ ಅನ್ನೋ ಭಾಗ ತೆರೆದರೆ, ಕಂಪ್ಯೂಟರ್ ಆನ್ ಆದ ಕೂಡಲೇ ತಾವಾಗೇ ಏಳುವ ಪ್ರೋಗ್ರಾಂಗಳ ಪಟ್ಟಿ ಬರುತ್ತೆ. ಯಾವತ್ತೋ ಹಾಕಿದ ವಿಡಿಯೋ ಕಾಲ್ ಆ್ಯಪ್, ಮಾರಿಬಿಟ್ಟ ಹಳೇ ಪ್ರಿಂಟರ್‌ನ ಸಹಾಯಕ, ಮ್ಯೂಸಿಕ್ ಪ್ಲೇಯರ್ ಎಲ್ಲ ಅಲ್ಲಿರ್ತವೆ. ಗೊತ್ತಿರುವ, ಬೇಡದವನ್ನು ‘ಡಿಸೇಬಲ್’ ಮಾಡಿ. ಅಳಿಸಿ ಹೋಗಲ್ಲ, ಬೇಕಾದಾಗ ತೆರೆಯಬಹುದು. ಆ್ಯಂಟಿವೈರಸ್, ಸೌಂಡ್, ಟಚ್‌ಪ್ಯಾಡ್‌ಗೆ ಸೇರಿದ್ದನ್ನು ಮುಟ್ಟಬೇಡಿ. ಏನು ಅಂತ ಗೊತ್ತಿಲ್ಲದ್ದನ್ನೂ ಬಿಡಿ.

ಎರಡನೆಯದು ಜಾಗ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಒಳಗೆ ‘ಟೆಂಪರರಿ ಫೈಲ್ಸ್’ ಇರುತ್ತೆ. ಅಲ್ಲಿಂದ ಕಸ ಅಳಿಸಬಹುದು. ಇಲ್ಲೊಂದು ಎಚ್ಚರಿಕೆ ಬೇಕು. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಫೋಲ್ಡರ್ ಕೂಡ ಇರುತ್ತೆ. ಜಿಎಸ್‌ಟಿ ಚಲನ್, ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅಲ್ಲೇ ಬಿದ್ದಿರೋದು ಎಲ್ಲರ ಮನೆಯ ಕಥೆ. ನೋಡದೆ ಟಿಕ್ ಹಾಕಿದರೆ ಎಲ್ಲ ಹೋಗುತ್ತೆ. ಸಿ ಡ್ರೈವ್‌ನಲ್ಲಿ ಐದರಲ್ಲಿ ಒಂದು ಭಾಗ ಖಾಲಿ ಇದ್ದರೆ ಒಳ್ಳೇದು.

ಮೂರನೆಯದು ಬೇಡದ ಪ್ರೋಗ್ರಾಂ ತೆಗೆಯೋದು. ಒಂದಕ್ಕಿಂತ ಹೆಚ್ಚು ಆ್ಯಂಟಿವೈರಸ್ ಇದ್ದರೆ ಒಂದನ್ನು ಉಳಿಸಿಕೊಂಡು ಬೇರೆಯದನ್ನು ತೆಗೀಬೇಕು. ಎರಡು ಒಟ್ಟಿಗಿದ್ದರೆ ಪ್ರತಿ ಫೈಲನ್ನೂ ಎರಡೆರಡು ಸಲ ತಪಾಸಣೆ ಮಾಡ್ತವೆ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತೆ. ಅವಧಿ ಮುಗಿದ ಆ್ಯಂಟಿವೈರಸ್ ಇಟ್ಟುಕೊಳ್ಳೋದಕ್ಕಿಂತ ವಿಂಡೋಸ್‌ನ ಡಿಫೆಂಡರ್ ವಾಸಿ. ಬ್ರೌಸರ್‌ನ ಎಕ್ಸ್‌ಟೆನ್ಷನ್ ಪಟ್ಟಿಯನ್ನೂ ಒಮ್ಮೆ ನೋಡಿ, ಗೊತ್ತಿಲ್ಲದ್ದನ್ನು ತೆಗೆಯಿರಿ.

ನಾಲ್ಕನೆಯದು ವೈರಸ್ ತಪಾಸಣೆ. ಡಿಫೆಂಡರ್‌ನ ಸ್ಕ್ಯಾನ್ ಆಯ್ಕೆಗಳಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಅಂತಿದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕೋದ್ರಿಂದ ಅಡಗಿ ಕೂತದ್ದೂ ಸಿಗುತ್ತೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ನಡೆಸುವ ‘ಸೈಬರ್ ಸ್ವಚ್ಛತಾ ಕೇಂದ್ರ’ದ ವೆಬ್‌ಸೈಟ್‌ನಲ್ಲೂ ಉಚಿತ ತಪಾಸಣೆ ಸಾಫ್ಟ್‌ವೇರ್ ಸಿಗುತ್ತೆ. 2017ರಲ್ಲಿ ಶುರುವಾದ ಈ ಕೇಂದ್ರದ ಬಗ್ಗೆ ತಾಲೂಕು ಮಟ್ಟದಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ.

ಹೊರಗಿನ ಸಾಫ್ಟ್‌ವೇರ್ ಬೇಕೇ ಬೇಕು ಅಂದ್ರೆ

ಕೆಲವು ಉಚಿತ ಸಾಫ್ಟ್‌ವೇರ್‌ಗಳು ಸೀಮಿತ ಕೆಲಸಕ್ಕೆ ಚೆನ್ನಾಗಿವೆ. ಎಲ್ಲವನ್ನೂ ಒಂದೇ ಗುಂಡಿಯಲ್ಲಿ ಕ್ಲೀನ್ ಮಾಡೋ ವಿಂಡೋ ಬೇಕು ಅನ್ನೋರಿಗೆ ಮೈಕ್ರೋಸಾಫ್ಟ್ ‘ಪಿಸಿ ಮ್ಯಾನೇಜರ್’ ಕೊಟ್ಟಿದೆ. ಎಡ್ಜ್, ಬಿಂಗ್ ಬಳಸಿ ಅನ್ನೋ ಸಲಹೆ ಅದರೊಳಗೆ ಬಂದರೆ ಬಿಟ್ಟುಬಿಡಬಹುದು. ಕಸ ಅಳಿಸೋಕೆ ‘ಬ್ಲೀಚ್‌ಬಿಟ್’ ಇದೆ, ಇದು ಮುಕ್ತ ತಂತ್ರಾಂಶ, ಹಣ ಕೇಳಲ್ಲ. ಆದರೆ ಟಿಕ್ ಹಾಕಿದ್ದನ್ನೆಲ್ಲ ಅಳಿಸುತ್ತೆ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಕೂಡ, ಹಾಗಾಗಿ ಓದಿ ಟಿಕ್ ಹಾಕಬೇಕು. ಜಾಗ ಯಾವ ಫೋಲ್ಡರ್ ತಿಂದಿದೆ ಅಂತ ನೋಡೋಕೆ ‘ವಿನ್‌ಡಿರ್‌ಸ್ಟ್ಯಾಟ್’. ಹಾರ್ಡ್ ಡಿಸ್ಕ್ ಆರೋಗ್ಯ ಹೇಗಿದೆ ಅಂತ ತಿಳಿಯೋಕೆ ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’. ಈ ಕೊನೆಯದು ‘ಕಾಷನ್’ ಅಥವಾ ‘ಬ್ಯಾಡ್’ ಅಂತ ತೋರಿಸಿದರೆ ಸ್ಪೀಡ್ ಯೋಚನೆ ಬಿಟ್ಟು ಅದೇ ದಿನ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಬೇಕು.

ಬೇರೆ ಯಾವುದೇ ಸಾಫ್ಟ್‌ವೇರ್ ಆರಿಸುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ.

1. ವಿಂಡೋಸ್ ಮಾಡದ ಯಾವ ಕೆಲಸವನ್ನು ಇದು ಮಾಡುತ್ತೆ? ಉತ್ತರ ಸಿಗದಿದ್ದರೆ ಬೇಡ.

2. ಎಲ್ಲಿಂದ ಇಳಿಸ್ತಿದ್ದೀರಿ? ಗೂಗಲ್‌ನಲ್ಲಿ ಮೊದಲು ಬರೋದು ಜಾಹೀರಾತು ಇರಬಹುದು. ತಯಾರಕರ ವೆಬ್‌ಸೈಟ್ ಅಥವಾ ಮೈಕ್ರೋಸಾಫ್ಟ್ ಸ್ಟೋರ್‌ನಿಂದಲೇ ಇಳಿಸಿ. ಪೆನ್ ಡ್ರೈವ್‌ನಲ್ಲಿ ಬರುವ ‘ಕ್ರ್ಯಾಕ್’ ಮಾಡಿದ ಪ್ರತಿ ಬೇಡವೇ ಬೇಡ. ಪಾಸ್‌ವರ್ಡ್ ಕದಿಯುವ ವೈರಸ್‌ಗಳಿಗೆ ಅದು ನೆಚ್ಚಿನ ದಾರಿ.

3. ಸ್ಕ್ಯಾನ್ ಆದ ಮೇಲೆ ಹೆದರಿಸುತ್ತಾ? ಕೆಂಪು ಬಣ್ಣ, ಟೈಮರ್, ‘ಇವತ್ತೇ ಕೊನೆ ದಿನ’ ಅನ್ನೋ ರಿಯಾಯಿತಿ ಕಂಡರೆ ತೆಗೆದು ಹಾಕಿ.

4. ಜೊತೆಗೆ ಬೇರೆ ಏನಾದರೂ ಬರ್ತಿದ್ಯಾ? ಇನ್‌ಸ್ಟಾಲ್ ಮಾಡುವಾಗ ‘ನೆಕ್ಸ್ಟ್, ನೆಕ್ಸ್ಟ್’ ಒತ್ತದೆ ಸಣ್ಣ ಅಕ್ಷರ ಓದಿ, ಹಾಕಿಟ್ಟ ಟಿಕ್ ತೆಗೆಯಿರಿ.

5. ಹಣ ಪ್ರತಿ ವರ್ಷ ತಾನೇ ಕಟ್ ಆಗುತ್ತಾ? ಮೊದಲ ವರ್ಷ ಅರ್ಧ ರೇಟು, ಆಮೇಲೆ ಪೂರ್ತಿ ಅನ್ನೋದು ಸಾಮಾನ್ಯ. ಆರ್‌ಬಿಐ ನಿಯಮದಂತೆ ತಾನಾಗೇ ಹಣ ಕಟ್ ಆಗುವ 24 ಗಂಟೆ ಮೊದಲು ಬ್ಯಾಂಕ್‌ನಿಂದ ಸೂಚನೆ ಬರಬೇಕು. ಆ ಮೆಸೇಜ್ ನೋಡಿ ರದ್ದು ಮಾಡಬಹುದು.

6. ಮಾಡಿದ್ದನ್ನು ವಾಪಸ್ ತರೋಕೆ ಆಗುತ್ತಾ? ಏನೇ ಹಾಕುವ ಮೊದಲು ವಿಂಡೋಸ್‌ನಲ್ಲಿ ‘ರಿಸ್ಟೋರ್ ಪಾಯಿಂಟ್’ ಮಾಡಿಟ್ಟುಕೊಳ್ಳಿ.

ಸಾಫ್ಟ್‌ವೇರ್‌ಗೆ ಕೊಡೋ ದುಡ್ಡು ಎಲ್ಲಿ ಹಾಕಬೇಕು?

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸದಾ ನೂರರ ಹತ್ತಿರ ಇದ್ದು, ಇರೋದು ತಿರುಗೋ ಡಿಸ್ಕ್ ಆಗಿದ್ದರೆ ಎಸ್‌ಎಸ್‌ಡಿ ಹಾಕಿಸೋದೇ ಪರಿಹಾರ. ಮೆಮೊರಿ ತುಂಬಿ, ರ‍್ಯಾಮ್ 2 ಅಥವಾ 4 ಜಿಬಿ ಮಾತ್ರ ಇದ್ದರೆ ಇನ್ನೊಂದು ಪಟ್ಟಿ ಸೇರಿಸಬೇಕು. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಹಾಕಿದರೂ ಅದು ಬಳಸಲ್ಲ, ಇದನ್ನು ಮೊದಲೇ ನೋಡಿಕೊಳ್ಳಿ. ಎಸ್‌ಎಸ್‌ಡಿ, ರ‍್ಯಾಮ್ ಬೆಲೆ ಏರಿಳಿತ ಇರುತ್ತೆ, ಎರಡು ಮೂರು ಅಂಗಡಿಯಲ್ಲಿ ಕೇಳಿ. ಜಿಎಸ್‌ಟಿ ಬಿಲ್, ವಾರಂಟಿ ಕಾರ್ಡ್ ಇಲ್ಲದೆ ತಗೋಬೇಡಿ. ತೆಗೆದ ಹಳೇ ಡಿಸ್ಕ್ ಅನ್ನು ವಾಪಸ್ ಪಡೆಯಿರಿ. ನಿಮ್ಮ ಎಲ್ಲ ದಾಖಲೆ ಅದರಲ್ಲೇ ಇರುತ್ತೆ.

ಮಲೆನಾಡಿನ ಮಳೆ, ತೇವ, ಅಂಗಡಿ ಬೀದಿಯ ಧೂಳು ಸೇರಿದರೆ ಸಿಪಿಯು ಫ್ಯಾನ್ ಮೇಲೆ ಕಂಬಳಿ ಹೊದಿಸಿದಂತೆ ಆಗುತ್ತೆ. ಬಿಸಿ ಹೆಚ್ಚಾದಾಗ ಪ್ರೊಸೆಸರ್ ಸುಟ್ಟು ಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತೆ. ಫ್ಯಾನ್ ಜೋರಾಗಿ ಸದ್ದು ಮಾಡ್ತಿದ್ದರೆ, ಮಧ್ಯಾಹ್ನದ ಹೊತ್ತು ಹೆಚ್ಚು ನಿಧಾನ ಆಗ್ತಿದ್ದರೆ ಒಮ್ಮೆ ಬ್ಲೋವರ್ ಹಿಡಿಸಿ ಧೂಳು ತೆಗೆಸಿ, ಪ್ರೊಸೆಸರ್ ಮೇಲಿನ ಪೇಸ್ಟ್ ಬದಲಿಸಿ. ಮಳೆಗಾಲದಲ್ಲಿ ಪದೇ ಪದೇ ಕರೆಂಟ್ ಹೋಗುವ ಕಡೆ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಬದಲಿಸಲೇಬೇಕು. ಬರೀತಿರುವಾಗಲೇ ಕರೆಂಟ್ ಹೋದರೆ ಫೈಲ್ ಕೆಡುತ್ತೆ, ತಿರುಗೋ ಡಿಸ್ಕ್‌ನ ಆಯಸ್ಸೂ ಕಡಿಮೆ ಆಗುತ್ತೆ.

‘ಫಾರ್ಮ್ಯಾಟ್ ಮಾಡಿಬಿಡೋಣ’ ಅಂದ್ರೆ ನಿಲ್ಲಿಸಿ ಕೇಳಿ

ರಿಪೇರಿಗೆ ಕೊಟ್ಟಾಗ ಬರುವ ಮೊದಲ ಮಾತು ಫಾರ್ಮ್ಯಾಟ್. ಹೊಸದಾಗಿ ವಿಂಡೋಸ್ ಹಾಕಿದರೆ ಕಂಪ್ಯೂಟರ್ ಹಗುರ ಆಗೋದು ನಿಜ. ಆದರೆ ಸಿ ಡ್ರೈವ್‌ನಲ್ಲಿ ಇರೋದೆಲ್ಲ ಹೋಗುತ್ತೆ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರೋದು ಅನ್ನೋದು ಹಲವರಿಗೆ ಗೊತ್ತಿರಲ್ಲ.

ಅಂಗಡಿಯವರು ಟ್ಯಾಲಿಯ ಡೇಟಾ ಫೋಲ್ಡರ್ ಎಲ್ಲಿದೆ ಅಂತ ನೋಡಿ, ಬ್ಯಾಕಪ್ ತೆಗೆದು, ಇನ್ನೊಂದು ಕಂಪ್ಯೂಟರ್‌ನಲ್ಲಿ ಅದು ತೆರೆಯುತ್ತಾ ಅಂತ ಪರೀಕ್ಷಿಸಿ. ಡಿಟಿಪಿ ಅಂಗಡಿ, ಸಂಘ ಸಂಸ್ಥೆಗಳಲ್ಲಿ ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ವರ್ಷಗಟ್ಟಲೆಯ ಫೈಲ್‌ಗಳಿರ್ತವೆ. ಅವು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತೆ. ಫೈಲ್ ಜೊತೆ ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಿ. ಮನೆ ಫೋಟೋಗಳು ಒಂದೇ ಕಡೆ ಇದ್ದರೆ ಇಲ್ಲದಂತೆಯೇ ಲೆಕ್ಕ, ಇನ್ನೊಂದು ಡಿಸ್ಕ್‌ನಲ್ಲೂ ಇಡಿ.

ವಿಂಡೋಸ್ 10 ಇದ್ದವರ ಪ್ರಶ್ನೆ

ಹಳೇ ಕಂಪ್ಯೂಟರ್‌ಗಳ ವಿಷಯದಲ್ಲಿ ವೇಗಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್ ಬೆಂಬಲ ನಿಂತಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ 2025ರಲ್ಲಿ ಘೋಷಿಸಿತು. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ, ಮೈಕ್ರೋಸಾಫ್ಟ್ ಅಕೌಂಟ್ ಬಳಸಿ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಿದವರಿಗೆ ಇದು ಉಚಿತ.

ವಿಂಡೋಸ್ 11 ಹಾಕೋಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಇರಬೇಕು. ಅಪ್‌ಡೇಟ್ ನಿಂತ ಕಂಪ್ಯೂಟರ್ ಎಷ್ಟೇ ಸ್ಪೀಡ್ ಆಗಿದ್ದರೂ ಅದರಲ್ಲಿ ನೆಟ್ ಬ್ಯಾಂಕಿಂಗ್ ಮಾಡೋದು ಸರಿಯಲ್ಲ. ಯಾವ ಕ್ಲೀನರ್ ಕೂಡ ಈ ಕೊರತೆ ತುಂಬಲಾರದು.

ಬರೀ ವೆಬ್‌ಸೈಟ್, ಯೂಟ್ಯೂಬ್, ಇಮೇಲ್ ನೋಡೋ ಮನೆಗಳಿಗೆ ಲಿನಕ್ಸ್ ಇನ್ನೊಂದು ದಾರಿ. ಉಚಿತ, ಹಗುರ, ಅಪ್‌ಡೇಟ್ ಬರ್ತಿರುತ್ತೆ. ಕಷ್ಟ ಅಂತ ಹೆದರಬೇಕಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ವರ್ಷಗಳಿಂದ ನಡೀತಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಐಟಿ ಪಾಠ ಕಲೀತಾರೆ. ಆದರೆ ಟ್ಯಾಲಿ, ನುಡಿ ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್. ಅವುಗಳ ಮೇಲೆ ಕೆಲಸ ನಿಂತಿರುವ ಅಂಗಡಿಯವರು ಲಿನಕ್ಸ್‌ಗೆ ಹೋಗುವ ಮೊದಲು ಯೋಚಿಸಬೇಕು.

ಸ್ಕ್ರೀನ್ ಮೇಲೆ ಫೋನ್ ನಂಬರ್ ಬಂದ್ರೆ

‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಮೈಕ್ರೋಸಾಫ್ಟ್‌ಗೆ ಕರೆ ಮಾಡಿ’ ಅಂತ ಸೈರನ್ ಸದ್ದಿನ ಜೊತೆ ನಂಬರ್ ಬಂದರೆ ಅದು ಮೋಸ. ಮೈಕ್ರೋಸಾಫ್ಟ್‌ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಇಂಥ ನಕಲಿ ಕಾಲ್ ಸೆಂಟರ್‌ಗಳ ಬಗ್ಗೆ ಮೈಕ್ರೋಸಾಫ್ಟ್, ಅಮೆಜಾನ್ ಕೊಟ್ಟ ದೂರುಗಳೂ ಸೇರಿದಂತೆ ಹಲವು ಪ್ರಕರಣಗಳಲ್ಲಿ ಸಿಬಿಐ 2023ರ ಅಕ್ಟೋಬರ್‌ನಲ್ಲಿ ‘ಆಪರೇಷನ್ ಚಕ್ರ-2’ ಹೆಸರಲ್ಲಿ ದೇಶದ 76 ಕಡೆ ಶೋಧ ನಡೆಸಿತ್ತು.

ಆಲ್ಟ್ ಮತ್ತು ಎಫ್4 ಒತ್ತಿ ಬ್ರೌಸರ್ ಮುಚ್ಚಿ. ಆಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಮುಚ್ಚಿ. ಅಪರಿಚಿತರು ಹೇಳಿದರು ಅಂತ ಎನಿಡೆಸ್ಕ್‌ನಂಥ ಆ್ಯಪ್ ಹಾಕಿ ಕಂಪ್ಯೂಟರ್ ಅವರ ಕೈಗೆ ಕೊಡಬೇಡಿ. ಈಗಾಗಲೇ ಕೊಟ್ಟಾಗಿದ್ದರೆ ಕೂಡಲೇ ಇಂಟರ್‌ನೆಟ್ ತೆಗೆಯಿರಿ, ಬೇರೆ ಫೋನ್‌ನಿಂದ ಬ್ಯಾಂಕ್‌ಗೆ ತಿಳಿಸಿ, ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ದೂರು ಕೊಟ್ಟರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ, ಶಿವಮೊಗ್ಗದ ಸಿಇಎನ್ ಠಾಣೆಯಲ್ಲೂ ದೂರು ಕೊಡಬಹುದು. ನಾಚಿಕೆಪಟ್ಟು ಸುಮ್ಮನಿರಬೇಡಿ.

ಕೊನೆಗೆ, ಕ್ರಮ ಇಷ್ಟೇ

ಮೊದಲು ಬ್ಯಾಕಪ್. ಆಮೇಲೆ ಟಾಸ್ಕ್ ಮ್ಯಾನೇಜರ್ ನೋಡಿ ಕಾರಣ ಹುಡುಕೋದು. ಸ್ಟಾರ್ಟ್‌ಅಪ್, ಜಾಗ, ಬೇಡದ ಪ್ರೋಗ್ರಾಂ, ವೈರಸ್ ತಪಾಸಣೆ, ಈ ನಾಲ್ಕನ್ನು ಉಚಿತವಾಗಿ ಮುಗಿಸೋದು. ಧೂಳು ತೆಗೆಸೋದು. ಇಷ್ಟಾದ ಮೇಲೂ ನಿಧಾನ ಇದ್ದರೆ ಎಸ್‌ಎಸ್‌ಡಿ ಅಥವಾ ರ‍್ಯಾಮ್ ವಿಚಾರಿಸೋದು. ಹಣ ಕೊಟ್ಟು ಕ್ಲೀನರ್ ತಗೊಳ್ಳೋ ಪ್ರಸಂಗ ಈ ಪಟ್ಟಿಯಲ್ಲಿ ಎಲ್ಲೂ ಬರಲ್ಲ.

ಬೆಂಗಳೂರಲ್ಲಿರೋ ಮಗ ಅಥವಾ ಮಗಳು ಹಬ್ಬಕ್ಕೆ ಊರಿಗೆ ಬಂದಾಗ ಈ ಪಟ್ಟಿ ಮುಂದಿಟ್ಟು ಒಂದು ಮಧ್ಯಾಹ್ನ ಕೂರಿಸಿಕೊಳ್ಳಿ. ಅಪ್ಪ ಅಮ್ಮನ ಪಿಂಚಣಿ ಖಾತೆ ಇರುವ ಕಂಪ್ಯೂಟರ್ ಅದು, ಅವರಿಗೂ ಗೊತ್ತಿರಲಿ.